ವ್ಯಾನಿನ ಹೊಟ್ಟೆಯ ಕೆಳಗೊಂದು ಕರೀ ಬೊಟ್ಟು!

ಹೊರಾಂಗಣ ಚಿತ್ರೀಕರಣ ಅಂದರೆ ಏನೆಂದು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಹೀರೋ ಬರುತ್ತಾನೆ, ಹೀರೋಯಿನ್ ಬರುತ್ತಾಳೆ, ಹಿಂದೆ ಕಾಡು, ಮುಂದೆ ಹೊಳೆ, ನಡುವೆ ಒಂದು ಹಾಡು. ಚಿತ್ರ ತೆರೆಗೆ ಬಂದ ಮೇಲೆ 'ಎಂಥಾ ಲೊಕೇಶನ್ನಪ್ಪಾ!' ಎಂದು ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ. ಆದರೆ ಆ ಲೊಕೇಶನ್ನಿಗೆ ಲೈಟು, ಟ್ರಾಲಿ, ಅನ್ನದ ಡಬರಿ, ಸಹಕಲಾವಿದರು, ಎಲ್ಲವನ್ನೂ ಹೊತ್ತು ತಂದ ವ್ಯಾನು ಮಾತ್ರ ಫ್ರೇಮಿನೊಳಗೆ ಬರುವಂತಿಲ್ಲ. ಅಪ್ಪಿತಪ್ಪಿ ಬಂದರೆ 'ಕಟ್'!

ಈ ವಾರ ಆ ಫ್ರೇಮಿನಾಚೆಯ ಪಾತ್ರಧಾರಿಯ ಕಥೆ. ಲೊಕೇಶನ್: ಉತ್ತರ ಕನ್ನಡದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ. ನಾಯಕ: ಸಾಲ ಮಾಡಿ ಹೊಸ ವ್ಯಾನು ಕೊಂಡು ತಾನೇ ಸ್ಟೇರಿಂಗ್ ಹಿಡಿದವನು. ಖಳನಾಯಕ: ಬೆಳಿಗ್ಗೆ ವ್ಯಾನು ಮುಂದಕ್ಕೆ ತೆಗೆದಾಗ ನೆಲದ ಮೇಲೆ ಕಾಣಿಸುವ, ರೂಪಾಯಿ ಅಗಲದ ಒಂದು ಕರೀ ಬೊಟ್ಟು.

ನಗಬೇಡಿ ಸ್ವಾಮಿ. ಮೊದಲ ದಿನದ ಮೊದಲ ಆಟಕ್ಕೆ ಟಾಕೀಸು ಖಾಲಿ ಹೊಡೆದದ್ದನ್ನು ಕಂಡ ನಿರ್ಮಾಪಕನ ಎದೆ ಹೇಗೆ ಧಸಕ್ಕೆನ್ನುತ್ತದೋ, ಆ ಬೊಟ್ಟು ಕಂಡ ಚಾಲಕನ ಎದೆಯೂ ಹಾಗೇ ಅನ್ನುತ್ತದೆ. ಇಂಜಿನ್ ಆಯಿಲ್ ಸೋರುತ್ತಿದೆ! ನಿನ್ನೆ ಮೊನ್ನೆ ರಿಪೇರಿಯಾಗಿ ಬಂದದ್ದು, ಮತ್ತೆ ಸೋರುತ್ತಿದೆ!

ಧಾರವಾಡ ಬಿಟ್ಟು ಪಶ್ಚಿಮಕ್ಕೆ ಹೊರಟರೆ ಹಳಿಯಾಳದವರೆಗೆ ಬಹುಪಾಲು ಬಯಲು. ಕಬ್ಬಿನ ಕಾಲವಾದರೆ ಮುಂದೊಂದು ಟ್ರ್ಯಾಕ್ಟರು, ಅದರ ಹಿಂದೆ ಎರಡೆರಡು ಟ್ರೇಲರು, ಅದರ ಹಿಂದೆ ಧೂಳು, ಧೂಳಿನೊಳಗೆ ನಮ್ಮ ವ್ಯಾನು. ಹಳಿಯಾಳದ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಕನ್ನಡ, ಮರಾಠಿ, ಕೊಂಕಣಿ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಬೈಗುಳ ಮಾತ್ರ ಎಲ್ಲರಿಗೂ ಅರ್ಥವಾಗುತ್ತದೆ! ಹಳಿಯಾಳ ದಾಟಿದ ಮೇಲೆ ಸಾಗವಾನಿ ಮರಗಳು ಹತ್ತಿರ ಹತ್ತಿರ ಬರತೊಡಗುತ್ತವೆ. ಆಮೇಲೆ ದಾಂಡೇಲಿ. ಕಾಳಿ ನದಿಯ ದಂಡೆಯ ಊರು. ಮರದ ಡಿಪೋ, 1950ರ ದಶಕದಲ್ಲಿ ತಲೆಯೆತ್ತಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲು, ಅದರ ವಾಸನೆ. ಕಾಗದದ ಊರಾಗಿದ್ದ ದಾಂಡೇಲಿ ಈಗ ಪ್ರವಾಸಿಗರ ಊರೂ ಆಗಿದೆ. ಶನಿವಾರ ಬೆಳಿಗ್ಗೆ ಅಳ್ನಾವರ, ಧಾರವಾಡ, ಹುಬ್ಬಳ್ಳಿಯ ರೈಲು ನಿಲ್ದಾಣಗಳಲ್ಲಿ ಬೆಂಗಳೂರಿನ ಮಂದಿ ಇಳಿಯುತ್ತಾರೆ. ಅವರನ್ನು ತರುವುದು ವ್ಯಾನು. ಗಣೇಶಗುಡಿಯ ರಾಫ್ಟಿಂಗಿಗೆ, ಸಿಂಥೇರಿ ಬಂಡೆಗೆ, ಕುಳಗಿ ಕ್ಯಾಂಪಿಗೆ ಒಯ್ಯುವುದು ವ್ಯಾನು. ಭಾನುವಾರ ಸಂಜೆ ಮತ್ತೆ ರೈಲಿಗೆ ಮುಟ್ಟಿಸುವುದೂ ವ್ಯಾನು. ಕೆಎ 65 ಬೋರ್ಡಿನ ಬಿಳೀ ವ್ಯಾನುಗಳ ಸಾಲು ನೋಡಿದರೆ ಯಾರದೋ ಮದುವೆಯ ದಿಬ್ಬಣ ಹೊರಟಿದೆಯೇನೋ ಅನ್ನಿಸಬೇಕು.

ಇಲ್ಲಿನ ಹಿರಿಯ ಚಾಲಕರಿಗೆ ಎಣ್ಣೆ ಸೋರುವುದು ಹೊಸ ಸಂಗತಿಯೇನಲ್ಲ. ಪುಣೆಯ ಬಜಾಜ್ ಟೆಂಪೋದವರ ಮಟಡೋರ್ 1969ರಲ್ಲಿ ಬಂತು, 1984ರ ಕೊನೆಗೆ ಮಾರುತಿ ವ್ಯಾನು ಬಂತು, 1987ರಲ್ಲಿ ಟೆಂಪೋ ಟ್ರಾವೆಲರ್ ಬಂತು. ಆ ಕಾಲದ ಜೀಪು ವ್ಯಾನುಗಳ ಬಗ್ಗೆ ಗ್ಯಾರೇಜುಗಳಲ್ಲಿ ಒಂದು ಜೋಕು ಚಾಲ್ತಿಯಲ್ಲಿತ್ತು: 'ಎಣ್ಣಿ ಸೋರಾಕತ್ತೈತೇನು? ಹಂಗಾರ ಒಳಗ ಎಣ್ಣಿ ಐತಿ ಅಂತ ಆತು, ನಡೀ!' ಸೋರಿದರೆ ಪರವಾಗಿಲ್ಲ, ಊರಿನ ಮೇಸ್ತ್ರಿ ಇದ್ದಾನೆ. ವ್ಯಾನಿನಡಿ ಒಂದು ಗೋಣಿಚೀಲ ಹಾಸಿ ನುಸುಳುತ್ತಾನೆ, ಪ್ಯಾಕಿಂಗ್ ಕಾಗದವನ್ನು ಕತ್ತರಿಯಲ್ಲಿ ಕತ್ತರಿಸಿ ಕೂರಿಸುತ್ತಾನೆ, ಚಹಾ ಕುಡಿದು ಏಳುತ್ತಾನೆ. ಅಷ್ಟೇ.

ಈಗ ಹಾಗಲ್ಲ. ಈಗ ವ್ಯಾನಿನ ಜೊತೆ ಒಂದು ಪುಸ್ತಕ ಬರುತ್ತದೆ. ವಾರಂಟಿ ಪುಸ್ತಕ! ಕಂಪನಿಯ ಅಧಿಕೃತ ವರ್ಕ್‌ಶಾಪು ಬಿಟ್ಟು ಹೊರಗಿನವರು ಇಂಜಿನ್ ಬಿಚ್ಚಿದರೆ 'ನಮ್ಮ ಹೊಣೆ ಮುಗಿಯಿತು' ಅನ್ನಲು ಕಂಪನಿಗೆ ಅಷ್ಟೇ ಸಾಕು. ದಾಂಡೇಲಿಯ ಮೇಸ್ತ್ರಿಗೆ ಕಾಯಿಲೆ ಗೊತ್ತು, ಕೈಯಲ್ಲಿ ಪಾನಾ ಇದೆ, ಆದರೆ ಮುಟ್ಟುವಂತಿಲ್ಲ. ಮುಟ್ಟಬಲ್ಲ ವರ್ಕ್‌ಶಾಪು ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಕೂತಿದೆ.

ಮೇಸ್ತ್ರಿಯೊಬ್ಬರನ್ನು ನಾವು ಕೇಳಿದೆವು, ಅಲ್ಲಯ್ಯಾ, ಈ ಎಣ್ಣೆ ಸೋರುವುದಾದರೂ ಎಲ್ಲಿಂದ?

'ಎಣ್ಣಿ ಸುಳ್ಳು ಹೇಳತೈತ್ರಿ,' ಅಂದರು ಅವರು. 'ಅದು ಬೀಳೂ ಜಾಗಾ ಬ್ಯಾರೆ, ಸೋರೂ ಜಾಗಾ ಬ್ಯಾರೆ.'

ಎಂಥ ಡೈಲಾಗು ನೋಡಿ! ಮಾತು ನೂರಕ್ಕೆ ನೂರು ನಿಜ. ಇಂಜಿನ್ನಿನ ನೆತ್ತಿಯ ಮೇಲಿರುವ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಸ್ವಲ್ಪ ಬಿರುಸಾದರೆ ಎಣ್ಣೆ ಅಲ್ಲಿ ಜಿನುಗುತ್ತದೆ. ಮೈಮೇಲೆ ಹರಿದು, ಓಡುವಾಗಿನ ಗಾಳಿಗೆ ಹಿಂದಕ್ಕೆ ಸರಿದು, ಗೇರ್‌ಬಾಕ್ಸಿನ ಬಾಯಲ್ಲಿ ಬಂದು ತೊಟ್ಟಿಕ್ಕುತ್ತದೆ. ಅವಸರದವನು ಕೆಳಗೆ ನೋಡಿ 'ಹಿಂದಿನ ಆಯಿಲ್ ಸೀಲು ಹೋಗಿದೆ' ಅನ್ನುತ್ತಾನೆ. ಗೇರ್‌ಬಾಕ್ಸ್ ಇಳಿಸಿ, ಇಡೀ ದಿನ ಕಳೆದು ಸೀಲು ಬದಲಾಯಿಸುತ್ತಾನೆ. ವಾರದ ನಂತರ ಬೊಟ್ಟು ಮತ್ತೆ ಹಾಜರು! ಸರಿಯಾದ ದಾರಿ ಬೇರೆ ಇದೆ. ಇಂಜಿನ್ನನ್ನು ಚೆನ್ನಾಗಿ ತೊಳೆದು ಒಣಗಿಸಬೇಕು. ಅನುಮಾನ ಇರುವ ಕಡೆಗೆಲ್ಲ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಉದುರಿಸಬೇಕು. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ತಂದು ಟಾರ್ಚು ಬಿಟ್ಟು ನೋಡಬೇಕು. ಬಿಳಿ ಪೌಡರಿನ ಮೇಲೆ ಕಪ್ಪು ಗೆರೆ ಎಲ್ಲಿಂದ ಶುರುವಾಗಿದೆಯೋ ಕಳ್ಳ ಅಲ್ಲಿದ್ದಾನೆ. ನಮ್ಮ ತಾರೆಯರ ಮೇಕಪ್ಪು ನಿಜ ಮುಚ್ಚಲಿಕ್ಕಾದರೆ, ಇಂಜಿನ್ನಿನ ಮೇಕಪ್ಪು ನಿಜ ತೋರಿಸಲಿಕ್ಕೆ.

ಇನ್ನೊಂದು ಗುಟ್ಟು ಇದೆ. ಸೀಲಿನ ಮೇಲೆ ಸೀಲು ಬದಲಾಯಿಸಿದರೂ ಸೋರುತ್ತಲೇ ಇದ್ದರೆ ತಪ್ಪು ಸೀಲಿನದ್ದಲ್ಲದೇ ಇರಬಹುದು. ಸಿಲಿಂಡರಿನಲ್ಲಿ ಉರಿದ ಹೊಗೆ ಸ್ವಲ್ಪ ಮಟ್ಟಿಗೆ ಪಿಸ್ಟನ್ ರಿಂಗುಗಳನ್ನು ನುಸುಳಿ ಕೆಳಗಿನ ಎಣ್ಣೆಯ ಕೋಣೆಗೆ ಇಳಿಯುತ್ತದೆ. ಅದು ಹೊರಹೋಗಲೆಂದು ಒಂದು ಕೊಳವೆ ಇರುತ್ತದೆ, ಬ್ರೀದರ್ ಅಂತ. ಆ ಕೊಳವೆ ಮಡ್ಡಿ ಕಟ್ಟಿಕೊಂಡರೆ, ಇಲ್ಲವೆ ಎಲ್ಲೋ ಮಡಚಿಕೊಂಡರೆ ಒಳಗೆ ಒತ್ತಡ ಏರುತ್ತದೆ. ಮನೆಯ ಕುಕ್ಕರ್ ನೆನೆಸಿಕೊಳ್ಳಿ. ಸೀಟಿ ಕಟ್ಟಿಕೊಂಡರೆ ಗ್ಯಾಸ್ಕೆಟ್ಟಿನ ಸುತ್ತ ಬುಸುಬುಸು ಅನ್ನುವುದಿಲ್ಲವೆ? ಇಲ್ಲೂ ಅದೇ. ಎಲ್ಲಿ ದುರ್ಬಲವೋ ಅಲ್ಲಿಂದ ಎಣ್ಣೆಯನ್ನು ಹೊರಕ್ಕೆ ನೂಕುತ್ತದೆ. ಒಂದು ಸೀಲು ಗಟ್ಟಿ ಮಾಡಿದರೆ ಪಕ್ಕದ ಸೀಲು. ಅದನ್ನು ಗಟ್ಟಿ ಮಾಡಿದರೆ ಮತ್ತೊಂದು. ಎಣ್ಣೆ ಅಳತೆಗಿಂತ ಹೆಚ್ಚು ಸುರಿದರೂ ಸೋರಿಕೆಗೆ ದಾರಿಯಾದೀತು. ಹಾಗೇ 'ಸೋರಬಾರದು' ಅಂತ ಟ್ಯೂಬಿನ ಗೋಂದನ್ನು ಬೆಣ್ಣೆಯಂತೆ ಬಳಿಯುವವರಿದ್ದಾರಲ್ಲ, ಅವರ ಕೈ ಕಟ್ಟಬೇಕು. ಹೊರಗೆ ಕಾಣುವ ಗೋಂದಿನಷ್ಟೇ ಒಳಗೂ ಹಿಂಡಿಕೊಂಡಿರುತ್ತದೆ. ಅದು ಕಿತ್ತು ಎಣ್ಣೆ ಹೀರುವ ಜಾಳಿಗೆಗೆ ಸಿಕ್ಕಿಕೊಂಡರೆ ಇಂಜಿನ್ನಿನ ಕಥೆ ಶುಭಂ!

ದಾಂಡೇಲಿಯಿಂದ ಮುಂದೆ ಜೋಯಿಡಾ ದಾರಿ. ಇಲ್ಲಿ ಮಾತು ತಮಾಷೆಯದಲ್ಲ.

ಈ ತಾಲೂಕಿನ ಕೇಂದ್ರ ಹಿಂದೆ ಸೂಪಾ ಆಗಿತ್ತು. ಕಾಳಿಗೆ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಾಗ ಆ ಊರು ನೀರಿನಡಿ ಹೋಯಿತು, ಕಚೇರಿಗಳು ಜೋಯಿಡಾಕ್ಕೆ ಬಂದವು. ಸುತ್ತ ಹುಲಿ ಕಾಡು, 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂಬ ಹೆಸರು. ಕಾಡಿನೊಳಗೆ ಚದುರಿದ ಕುಣಬಿ ಜನರ ಹಳ್ಳಿಗಳು. ಬಸ್ಸು ದಿನಕ್ಕೆ ಎಷ್ಟು ಸಲ ಬಂದೀತು? ಬಾಣಂತಿಯನ್ನು ಒಯ್ಯಲು, ಶಾಲೆಯ ಮಕ್ಕಳಿಗೆ, ಸಂತೆಯ ಅಕ್ಕಿಗೆ ವ್ಯಾನೇ ಗತಿ. ಉಳವಿಯ ಚನ್ನಬಸವಣ್ಣನ ಜಾತ್ರೆಗೆ ಬಯಲುಸೀಮೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವವರು ಇಂದಿಗೂ ಉಂಟು. ಮಿಕ್ಕವರನ್ನು ಹೊತ್ತು ತರುವುದರಲ್ಲಿ ವ್ಯಾನಿನ ಪಾಲು ದೊಡ್ಡದು. ಮುಂದಕ್ಕೆ ಹೋದರೆ ಅಣಶಿ ಘಟ್ಟ ಇಳಿದು ಕದ್ರಾ ಮೇಲೆ ಕಾರವಾರ.

ಇಂಥ ದಾರಿಯಲ್ಲಿ ಕಲ್ಲಿನ ಏಟು ಬೀಳುವುದು ವ್ಯಾನಿನ ಹೊಟ್ಟೆಗೇ. ಎಣ್ಣೆ ತುಂಬಿದ ಸಂಪು ಇರುವುದೂ ಅಲ್ಲೇ. ಒಂದು ಬೋಲ್ಟು ಸಡಿಲಾಯಿತೋ, ಅಂಚು ಜಜ್ಜಿತೋ, ಜಿನುಗಲು ಶುರು. ಹಿಂದಿನ ಸೀಲಿನಿಂದ ಎಣ್ಣೆ ಕ್ಲಚ್ ಪ್ಲೇಟಿಗೆ ತಾಗಿದರೆ ಕ್ಲಚ್ಚು ಜಾರುತ್ತದೆ. ಒಂಬತ್ತು ಜನ ಕೂತ ವ್ಯಾನು ಅಣಶಿ ಘಟ್ಟ ಏರುತ್ತಿರುವಾಗ ಇಂಜಿನ್ ಕಿರುಚುತ್ತಿದೆ, ಗಾಡಿ ಮಾತ್ರ ಮೇಲೇರುತ್ತಿಲ್ಲ. ಊಹಿಸಿಕೊಳ್ಳಿ! ಬಿಸಿ ಸೈಲೆನ್ಸರಿನ ಬಾಯಿಗೆ ಎಣ್ಣೆ ತೊಟ್ಟಿಕ್ಕಿದರೆ ಹೊಗೆ, ನಸೀಬು ಕೆಟ್ಟರೆ ಬೆಂಕಿ. ಎಣ್ಣೆ ಪೂರ್ತಿ ಇಳಿದು, ಕೆಂಪು ದೀಪ ಹತ್ತಿದ್ದನ್ನು ನೋಡದೆ ಓಡಿಸಿದರೆ ಇಂಜಿನ್ನೇ ಕಚ್ಚಿಕೊಳ್ಳುತ್ತದೆ. ಸಿನಿಮಾದಲ್ಲಿ ಇಂಥ ಕಡೆ ಸ್ಟಂಟ್ ಮಾಸ್ಟರ್ ಇರುತ್ತಾನೆ, ಹಗ್ಗ ಇರುತ್ತದೆ. ಇಲ್ಲಿ ಬಹಳ ಕಡೆ ಮೊಬೈಲಿಗೆ ಸಿಗ್ನಲ್ಲೂ ಇರುವುದಿಲ್ಲ.

ಈಗ 'ಉಚಿತ' ರಿಪೇರಿಯ ಲೆಕ್ಕ ನೋಡೋಣ. ಜೋಯಿಡಾದಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಹೋಗಿ ಬಂದರೆ 200. ಲೀಟರಿಗೆ 12 ಕಿಲೋಮೀಟರ್ ಕೊಡುವ ವ್ಯಾನಾದರೆ 16-17 ಲೀಟರ್ ಡೀಸೆಲ್ಲು. ಗಾಡಿ ಒಳಗೆ ಬಿಟ್ಟ ದಿನ ಬಾಡಿಗೆ ಇಲ್ಲ. 'ಸೀಲು ಸ್ಟಾಕಿಲ್ಲ, ನಾಳೆ ಬನ್ನಿ' ಅಂದರೆ ಮರುದಿನದ ಬಾಡಿಗೆಯೂ ಇಲ್ಲ. ಬ್ಯಾಂಕಿನ ಕಂತು ಮಾತ್ರ ತಾರೀಖಿಗೆ ಸರಿಯಾಗಿ ಬರುತ್ತದೆ. ಬಿಲ್ಲಿನ ಮೇಲೆ ದೊಡ್ಡದಾಗಿ ಸೊನ್ನೆ! ಹೌದಪ್ಪಾ, ಸೀಲಿಗೆ ಸೊನ್ನೆ. ಮಿಕ್ಕದ್ದಕ್ಕೆ?

ಅದಕ್ಕಿಂತ ಸೋಜಿಗ ಇನ್ನೊಂದಿದೆ. ಪುಸ್ತಕದಲ್ಲಿ '3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು' ಅಂತಿದೆ ಎಂದುಕೊಳ್ಳಿ. ಮನೆಯ ಮುಂದೆ ನಿಲ್ಲಿಸುವವನಿಗೆ ಅದು 3 ವರ್ಷ. ದಿನಕ್ಕೆ 200 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ದುಡಿಯುವ ದಾಂಡೇಲಿಯ ವ್ಯಾನಿಗೆ ಅದು ಬರೀ 20 ತಿಂಗಳು. ಮೇಲಾಗಿ, ರಿಪೇರಿಗೆಂದೇ ಹುಬ್ಬಳ್ಳಿಗೆ ನಾಲ್ಕು ಸಲ ಹೋಗಿಬಂದ ಜೋಯಿಡಾದವನಿಗೆ ಆ ಓಡಾಟದ 800 ಕಿಲೋಮೀಟರೂ ಅದೇ ಲಕ್ಷದಲ್ಲಿ ಕಳೆಯುತ್ತದೆ! ವಾರಂಟಿಗಾಗಿ ಓಡಿದ ದಾರಿ ವಾರಂಟಿಯನ್ನೇ ತಿನ್ನುತ್ತದೆ. ವಾರಂಟಿಯಲ್ಲಿ ಬದಲಾಯಿಸಿದ ಭಾಗಕ್ಕೆ ಸಾಮಾನ್ಯವಾಗಿ ಹೊಸ ಅವಧಿ ಇಲ್ಲ, ಹಳೆಯದರಲ್ಲಿ ಉಳಿದಷ್ಟೇ.

ಅಷ್ಟು ದೂರ ಹೋದ ಮೇಲೆ ಕೌಂಟರಿನಲ್ಲಿ ಟೈ ಕಟ್ಟಿದ ಹುಡುಗ ಟಾರ್ಚು ಬಿಟ್ಟು ನೋಡಿ ಹೇಳುವ ಮಾತು ಯಾವುದು ಗೊತ್ತೆ? 'ಇದು ಲೀಕೇಜ್ ಅಲ್ಲ ಸಾರ್, ಸೀಪೇಜ್!' ಅಂದರೆ ಸೋರಿಕೆಯಲ್ಲ, ಬೆವರು. ಇಂಜಿನ್ ಬೆವರಿದೆಯಂತೆ! ಅನೇಕ ವಾರಂಟಿ ಪುಸ್ತಕಗಳಲ್ಲಿ, ಗಾಡಿಯ ಓಟಕ್ಕೆ ಅಡ್ಡಿಯಾಗದ ಸಣ್ಣ ಜಿನುಗು ಇದರೊಳಗೆ ಸೇರದು ಎಂಬ ಸಾಲು ಸಣ್ಣಕ್ಷರದಲ್ಲಿ ಇದ್ದೇ ಇರುತ್ತದೆ. ಯಾವ ಕಂಪನಿ, ಯಾವ ಶೋರೂಮು ಅಂತ ಕೇಳಬೇಡಿ. ಹೆಸರು ಬೇಡ ಬಿಡಿ, ಈ ಡೈಲಾಗಿಗೆ ಕಾಪಿರೈಟ್ ಇದ್ದಂತಿಲ್ಲ. ಜಾಹೀರಾತಿನಲ್ಲಿ ಹೊಸ ವ್ಯಾನಿನಿಂದ ಕೈಬೀಸುತ್ತಾ ಇಳಿಯುವ ತಾರೆಯರು ಈ ಕೌಂಟರಿನ ಹತ್ತಿರ ಒಮ್ಮೆ ಸುಳಿದರೆ ಚೆನ್ನಾಗಿತ್ತು!

ಬೆವರೋ ಸೋರಿಕೆಯೋ ಎಂಬ ಜಗಳ ಬಾಯಲ್ಲಿ ಬಗೆಹರಿಯುವುದಿಲ್ಲ, ಅಳತೆಯಲ್ಲಿ ಬಗೆಹರಿಯುತ್ತದೆ. ರಾತ್ರಿ ವ್ಯಾನಿನಡಿ ಒಂದು ರಟ್ಟು ಹಾಸಿ. ಬೆಳಿಗ್ಗೆ ಅದರ ಮೇಲೆ ತಾರೀಖು ಬರೆದು ಫೋಟೋ ತೆಗೆಯಿರಿ. ಇಂಜಿನ್ ತಣ್ಣಗಿದ್ದಾಗ, ಸಮನೆಲದಲ್ಲಿ ಅಳತೆಕಡ್ಡಿ ತೆಗೆದು ಎಣ್ಣೆ ಎಷ್ಟಿದೆ ನೋಡಿ, ಮೀಟರಿನ ಅಂಕಿಯ ಜೊತೆ ಬರೆದಿಡಿ. ಮೇಲಿಂದ ಎಷ್ಟು ಸುರಿದಿರಿ, ಅದರ ಬಿಲ್ಲೂ ಇರಲಿ. 'ಸಾವಿರ ಕಿಲೋಮೀಟರಿಗೆ ಇಷ್ಟು ಇಳಿದಿದೆ' ಅಂದಾಗ 'ಬೆವರು' ಅನ್ನುವ ಧೈರ್ಯ ಯಾರಿಗೂ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯ ಜಾಬ್ ಕಾರ್ಡು. ಅಲ್ಲಿ 'ಜನರಲ್ ಚೆಕಪ್' ಅಂತ ಗೀಚಿದರೆ ಒಪ್ಪಬೇಡಿ. 'ಎಣ್ಣೆ ಸೋರಿಕೆ, ಇದು ಮೂರನೇ ಸಲ' ಅಂತಲೇ ಬರೆಸಿ, ಪ್ರತಿ ತನ್ನಿ. ಹಳಿಯಾಳದ ಚಾಲಕರೊಬ್ಬರು ನಮಗೆ ಹೇಳಿದ್ದು: 'ಮೊದಲ ಎರಡ ಸಲಾ ಬಾಯಿಮಾತಿನ್ಯಾಗ ಮುಗಿಸಿ ಕಳಿಸಿದ್ರು ಸಾಹೇಬ್ರ. ಕಂಪ್ಯೂಟರಿನ್ಯಾಗ ನೋಡಿದ್ರ ನಮ್ಮ ಗಾಡಿ ಬಂದಿದ್ದೇ ಇಲ್ಲ!'

ಕಾಗದ ಯಾಕೆ ಬೇಕು ಅನ್ನುತ್ತೀರಾ? ಕಾನೂನಿಗೆ ಬೇಕು. ಗ್ರಾಹಕರ ಕಾನೂನು ಮೊದಲು ಬಂದದ್ದು 1986ರಲ್ಲಿ. ಈಗಿರುವುದು 2019ರ ಕಾನೂನು, 2020ರ ಜುಲೈ 20ರಿಂದ ಜಾರಿ. 'ನಿನ್ನದು ಬಾಡಿಗೆ ಗಾಡಿ, ವ್ಯಾಪಾರ. ನೀನು ಗ್ರಾಹಕನೇ ಅಲ್ಲ' ಅಂತ ಹೆದರಿಸುವವರಿದ್ದಾರೆ. ಹೆದರಬೇಡಿ. ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆಗೆ ಕೊಂಡದ್ದು ವ್ಯಾಪಾರದ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾನೂನಿನಲ್ಲೇ ಇದೆ. 1995ರಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳುವಾಗ, ತಾನೇ ಓಡಿಸಿ ಜೀವನ ಮಾಡಲು ಆಟೋ, ಲಾರಿ ಕೊಂಡವನ ಉದಾಹರಣೆಯನ್ನೇ ಕೊಟ್ಟಿತು. ಹತ್ತು ವ್ಯಾನು ಇಟ್ಟು ಹತ್ತು ಡ್ರೈವರನ್ನು ಇಟ್ಟವನ ಕಥೆ ಬೇರೆ.

ಕೊಂಡದ್ದು ಹುಬ್ಬಳ್ಳಿಯಲ್ಲಾದರೂ, ಉತ್ತರ ಕನ್ನಡದಲ್ಲಿ ವಾಸವಾಗಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆನ್‌ಲೈನಿನಲ್ಲಿ ಸಲ್ಲಿಸುವ ವ್ಯವಸ್ಥೆಯೂ ಇದೆ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ದೂರಿನ ಕಾರಣ ಹುಟ್ಟಿದ 2 ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು 1915ಕ್ಕೆ ಒಂದು ಫೋನು ಮಾಡಿ ನೋಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆದರೆ 'ಎಣ್ಣೆ ಸೋರಿತು, ಹೊಸ ವ್ಯಾನು ಕೊಡಿ' ಅಂತ ಕೇಳಿದರೆ ಸಿಕ್ಕುವುದು ಕಷ್ಟ. 2006ರಲ್ಲಿ ಒಂದು ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಾರಂಟಿ ಇರುವುದು ಕೆಟ್ಟ ಭಾಗವನ್ನು ಸರಿಪಡಿಸಲು ಇಲ್ಲವೆ ಬದಲಾಯಿಸಲು, ಇಡೀ ಗಾಡಿ ಬದಲಾಯಿಸಲು ಅಲ್ಲ ಎಂಬ ಅರ್ಥದ ತೀರ್ಪು ಕೊಟ್ಟಿದೆ. ಪರಿಹಾರದ ಹಣವನ್ನು ಮಾತ್ರ ಕೊಡಿಸಿತು. ಆದ್ದರಿಂದ ಸರಿಯಾದ ರಿಪೇರಿ, ಕಳೆದುಹೋದ ದುಡಿಮೆಗೆ ಪರಿಹಾರ, ಇಷ್ಟು ಕೇಳುವುದು ಜಾಣತನ. ಅಲ್ಲೂ ಮಾತಾಡುವುದು ಜಾಬ್ ಕಾರ್ಡೇ.

ನಮ್ಮನ್ನು ಕೇಳಿದರೆ, ತಿಂಗಳಿಗೊಂದು ದಿನ ಆ ವರ್ಕ್‌ಶಾಪಿನವರೇ ಒಂದು ಗಾಡಿಯಲ್ಲಿ ಸೀಲು, ಪ್ಯಾಕಿಂಗು, ಪಾನಾ ಹಾಕಿಕೊಂಡು ದಾಂಡೇಲಿಗೆ ಬಂದು ಕೂರಬೇಕು. ಮಾರಾಟದ ಮೇಳಕ್ಕೆ ಶಾಮಿಯಾನ ಹಾಕಿಕೊಂಡು ಬರಲು ಗೊತ್ತಿರುವವರಿಗೆ ರಿಪೇರಿಗೆ ಬರುವ ದಾರಿ ಗೊತ್ತಾಗದೆ? ಇನ್ನು ಚಾಲಕರಿಗೂ ಒಂದು ಮಾತು. ಸೋರುವ ವ್ಯಾನನ್ನು ಕಾಳಿಗಿಳಿಸಿ ತೊಳೆಯುವುದು, ತೆಗೆದ ಕರಿ ಎಣ್ಣೆಯನ್ನು ಹಳ್ಳದ ಬದಿ ಸುರಿಯುವುದು ಅನ್ಯಾಯ. ಬೆಂಗಳೂರಿನವರು ಅಷ್ಟು ದೂರದಿಂದ ಬರುವುದು ಆ ನೀರು ನೋಡಲಿಕ್ಕೇ.

ಮುಂಡಗೋಡ ಈ ದಾರಿಯಲ್ಲಿಲ್ಲ. ಯಲ್ಲಾಪುರ ಸುತ್ತಿ ಪೂರ್ವಕ್ಕೆ ಬರಬೇಕು, ಹುಬ್ಬಳ್ಳಿಯಿಂದ ಶಿರಸಿಗೆ ಹೋಗುವ ದಾರಿಯ ಊರು. ಘಟ್ಟದ ಕಾಟ ಕಡಿಮೆ, ಭತ್ತ ಗೋವಿನಜೋಳದ ಹೊಲಗಳ ನಡುವೆ ಕೆರೆಗಳು. ಹುಬ್ಬಳ್ಳಿ 50 ಕಿಲೋಮೀಟರಿನೊಳಗೇ ಇರುವುದರಿಂದ ನಾಲ್ಕೂ ಊರಲ್ಲಿ ನಸೀಬಿನವರು ಇವರೇ ಅನ್ನಬೇಕು. 1966ರಿಂದ ಇಲ್ಲಿ ಟಿಬೆಟಿಯನ್ನರ ನೆಲೆ. ಒಂದನೇ ಕ್ಯಾಂಪು, ಎರಡನೇ ಕ್ಯಾಂಪು ಎಂದು ನಂಬರಿನ ಊರುಗಳು, ಗಾದೆನ್, ದ್ರೆಪುಂಗ್ ಮಠಗಳ ಬಂಗಾರದ ಬಣ್ಣದ ಮಾಡುಗಳು. ಕೆಂಪು ನಿಲುವಂಗಿಯ ಭಿಕ್ಷುಗಳನ್ನು ಹುಬ್ಬಳ್ಳಿಯ ರೈಲಿಗೆ, ವಿಮಾನಕ್ಕೆ ಒಯ್ಯುವ ವ್ಯಾನುಗಳು ಕ್ಯಾಂಪಿನ ಮುಂದೆ ಸಾಲಾಗಿ ನಿಂತಿರುತ್ತವೆ. ಲೋಸಾರ್ ಹಬ್ಬ ಬಂದರಂತೂ ಪುರುಸೊತ್ತಿಲ್ಲ.

ಅಲ್ಲಿ ಒಬ್ಬ ಚಾಲಕರ ವ್ಯಾನು ಐದು ಸಲ ಸೋರಿತ್ತು. ನಾಲ್ಕು ಸಲ ಸೀಲು ಬದಲು. ಐದನೇ ಸಲ ಅವರು ನಾಲ್ಕು ಜಾಬ್ ಕಾರ್ಡು, ಒಂದು ಕಟ್ಟು ಫೋಟೋ ಇದ್ದ ಫೈಲನ್ನು ಕೌಂಟರಿನ ಮೇಲಿಟ್ಟು, ಹಿರಿಯ ಮೆಕ್ಯಾನಿಕ್ ಬರುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ಬಂದವರು ಸೀಲಿನ ಕಡೆ ನೋಡಲೇ ಇಲ್ಲ, ನೇರ ಬ್ರೀದರ್ ಕೊಳವೆಗೆ ಕೈಹಾಕಿದರು. ಬ್ರಾಕೆಟ್ಟಿನ ಹಿಂದೆ ಮಡಚಿಕೊಂಡು ಕೂತಿತ್ತು! ಅರ್ಧ ಗಂಟೆಯ ಕೆಲಸ.

ಈಗ ಹೇಗಿದೆ ಎಂದು ಕೇಳಿದೆವು. ವ್ಯಾನಿನಡಿಯಿಂದ ರಟ್ಟು ಎಳೆದು ಎರಡೂ ಮಗ್ಗಲು ತಿರುಗಿಸಿ ತೋರಿಸಿದರು. ಒಣಗಿತ್ತು.

'ಆದ್ರೂ ಫೈಲು ಒಗದಿಲ್ರಿ,' ಅಂದರು. 'ವಾರಂಟಿ ಮುಗ್ಯಾಕ ಇನ್ನಾ ಆರ ಸಾವಿರ ಕಿಲೋಮೀಟರ್ ಐತಿ.'